ಸಡಿಲ ಬಿಟ್ಟ ಸರಪಳಿ

ಶುಕ್ರವಾರ, 13 ಅಕ್ಟೋಬರ್ 2006, ಕೂಕಟ್‌ಪಲ್ಲಿ

ಆಫೀಸಿನ ಡಿಸ್ಕ್ ಗಾಲ್ಫ್ ಟೀಮಿನ್ಯಾಗ ನನ್ನ ಹೆಸರಿಲ್ಲ. ತೆಗಿಸಿದಾಕಿ ನನ್ನ ಜೋಡಿ ಕೆಲಸ ಮಾಡೋ ಕಾವ್ಯಾ.

ಮುಂದಿನ ತಿಂಗಳು ಅಮೆರಿಕಾದ ಕ್ಲೈಂಟ್ ಜೋಡಿ ಆಡೋದೈತಿ ಅಂತ ಗೊತ್ತಾದಾಗ ನಾವಿಬ್ರೂ ಕೂಡಿ ನಮ್ಮನಿ ಹಿತ್ತಲದಾಗ ತಾಟಿನಂಥ ಪ್ಲಾಸ್ಟಿಕ್ ಡಿಸ್ಕ್ ದೂರದಿಂದ ಎಸೆದು ಬೀಳಿಸೋ ಬುಟ್ಟಿ ಕಟ್ಟಿದ್ವಿ. ಕೆಳಗ ಕೆಟ್ಟ ವಾಷಿಂಗ್ ಮಷೀನಿನ ಡ್ರಮ್ಮು, ಮ್ಯಾಲೆ ಸೈಕಲ್ ರಿಮ್ಮು, ನಡುವ ಕಬ್ಬಿಣದ ಪೈಪು. ರಿಮ್ಮಿನ ಸುತ್ತ ನಾಯಿಗೆ ಕಟ್ಟೋ ಸರಪಳಿ ಇಳಿಬಿಟ್ವಿ. ಮೊದಲು ಎಸೆದ ಡಿಸ್ಕ್ ಎಲ್ಲಾ ಬಡಿದು ಹೊರಗ ಸಿಡೀತಿದ್ದವು. ಸರಪಳಿ ಸಡಿಲ ಬಿಟ್ರ ಡಿಸ್ಕ್ ಹಿಡಕೊಂಡು ಡ್ರಮ್ಮಿಗೆ ಇಳಸ್ತೈತಿ ಅಂತ ಕಂಡುಹಿಡಿದಾಕಿ ನಾನು. ಕಾವ್ಯಾಗ ಎಸೆಯೋದು ಕಲಿಸಿದಾಕೀನೂ ನಾನೇ.

ಇವತ್ತು ಮ್ಯಾನೇಜರ್ ಹೇಳಿದ್ರು, "ನಿಮಗ ಸಣ್ಣ ಕೂಸೈತಿ, ಶನಿವಾರದ ಆಟಕ್ಕ ಬರಾಕ ಆಗೂದಿಲ್ಲಂತ ಕಾವ್ಯಾ ಮೊದಲೇ ತಿಳಿಸ್ಯಾಳ," ಅಂತ. ನನ್ನನ್ನ ಒಂದು ಮಾತು ಕೇಳಿಲ್ಲ. ಅದೇ ಕೂಸು ದಿನಾ ಸಂಜಿಗೆ ಡಿಸ್ಕ್ ಕಚ್ಚಿಕೋತ ನಮ್ಮ ಕಾಲಾಗೇ ಕುಂತಿರತೈತಿ. ಆಕಿಗೆ ಗೊತ್ತಿಲ್ಲೇನು?

ಸಂಜಿಗೆ ಎಂದಿನಂಗ ಬಂದ್ಲು. ಕೇಳಿದೆ.

"ನಿಮಗ ತ್ರಾಸ್ ಆಗಬಾರದಂತ ಹೇಳಿದೆ ಅಕ್ಕಾ," ಅಂದ್ಲು. ಮಾರ್ಯಾಗ ಒಂದಿಷ್ಟೂ ಅಳುಕಿರಲಿಲ್ಲ. ಅದಕ್ಕೇ ಇಷ್ಟು ಉರಿಯಾಕತ್ತೈತಿ. ಬೈಯೋದು ಬಿಟ್ಟು ಒಳಗ ಹೋದೆ. ಚಹಾ ಮಾಡಿಕೊಟ್ಟೆ. ಆಕಿ ಎಸೆದ ಡಿಸ್ಕ್ ಆರಿಸಿ ಆರಿಸಿ ಕೊಟ್ಟೆ.

ಒಂದು ಕಡೆ ಸರಪಳಿ ಸಿಕ್ಕು ಬಿದ್ದು ಬಿಗಿಯಾಗಿತ್ತು. ಆಕಿ ಡಿಸ್ಕ್ ಎರಡು ಸಲ ಹೊರಗ ಸಿಡೀತು. ಯಾರೂ ಹೇಳಲಿಲ್ಲ, ನಾನೇ ಹೋಗಿ ಸಡಿಲ ಮಾಡಿ ಬಂದೆ.

ಆಮ್ಯಾಲೆ ಆಕಿದು ಒಂದೂ ತಪ್ಪಲಿಲ್ಲ.