ಮುಂದಿನ ಕೋಣೆಯ ಪೋರ್ ಫಾವೋರ್

ಸ್ಪ್ಯಾನಿಷ್ ಮೇಷ್ಟ್ರಿಗೆ ಅವರ ಹೆಂಡತಿಯ ನಮಸ್ಕಾರಗಳು.

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನೆ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಿರಲ್ಲ, ಗಟ್ಟಿಮುಟ್ಟಾಗಿಯೇ ಕಂಡಿರಿ. ಗಿರಾಕಿಯ ಎದುರು ನನ್ನ ಬಾಯಿ ಕಟ್ಟಿಹೋಯಿತು. ನನ್ನದು ಯಾವತ್ತೂ ಹಾಗೆಯೇ, ಜಗಳ ಮುಗಿದ ಮಾರನೆಯ ದಿನ ಒಳ್ಳೊಳ್ಳೆಯ ಉತ್ತರಗಳು ಹೊಳೆಯುತ್ತವೆ. ಅದಕ್ಕೇ ಈ ಕಾಗದ. ಇದರಲ್ಲೂ ನಿಮ್ಮನ್ನು 'ನೀವು' ಎಂದೇ ಬರೆಯುತ್ತಿದ್ದೇನೆ. ಗೌರವ ಉಕ್ಕಿ ಹರಿಯುತ್ತಿದೆ ಎಂದುಕೊಳ್ಳಬೇಡಿ, ಅಭ್ಯಾಸಬಲ ಅಷ್ಟೆ.

ನೀವು ಆ ಭಾಷೆ ಕಲಿತದ್ದು ನಮ್ಮ ಅಡುಗೆಮನೆಯ ಮೇಜಿನಲ್ಲಿ. ಸ್ಪೇನಿನ ಪ್ರವಾಸಿಗರು ಬರುತ್ತಾರೆ, ಸ್ಪ್ಯಾನಿಷ್ ಬಂದರೆ ಮಾತ್ರ ಸ್ವಾಗತದ ಕೌಂಟರಿನಲ್ಲಿ ಕೂರಿಸುತ್ತೇನೆ ಎಂದಿದ್ದರು ನಿಮ್ಮ ಹೋಟೆಲಿನ ಮ್ಯಾನೇಜರು. ಎದುರಿಗೆ ಕೂತು ಅಭ್ಯಾಸ ಮಾಡಿಸಲು ಒಬ್ಬರು ಬೇಕಿತ್ತು, ನಾನಿದ್ದೆ. ಗಿರಾಕಿಗಳ ಮಾತು ಮೊದಲು ಬಾಯಿಪಾಠವಾಗಲೆಂದು ನೀವು ಗಿರಾಕಿ, ನಾನು ಹೋಟೆಲಿನವಳು. 'ಮೆ ಪೊದ್ರಿಯಾ ತ್ರಾಯೆರ್ ಉನ್ ವಾಸೊ ದೆ ಆಗ್ವಾ, ಪೋರ್ ಫಾವೋರ್' ಎಂದಿರಿ. ಹಾಗೆಂದರೇನು ಎಂದೆ. "ನನಗೊಂದು ಲೋಟ ನೀರು ತಂದುಕೊಡೋಕೆ ಆಗುತ್ತಾ, ದಯವಿಟ್ಟು, ಅಂತ" ಎಂದಿರಿ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಅಷ್ಟುದ್ದದ ಮಾತು 'ನೀರು' ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಿತ್ತು. ಗೌರವ ಕೊಡಬೇಕಾದವರಿಗೆ ಅವರು 'ಉಸ್ತೆದ್' ಅನ್ನುತ್ತಾರೆ, ಅದು ನಮ್ಮ 'ನೀವು' ಇದ್ದ ಹಾಗೆ, ಅಂತಲೂ ಹೇಳಿಕೊಟ್ಟಿರಿ. 'ಏ', 'ನಿನ್ನೇ', 'ಎಲ್ಲಿ ಸತ್ತೆ' ಕೇಳಿ ಕೇಳಿ ಜಡ್ಡುಗಟ್ಟಿದ ಈ ಕಿವಿಗೆ ಗಂಡನ ಬಾಯಿಂದ 'ನೀವು' ಬಿತ್ತು. ಅವತ್ತು ಲೋಟವನ್ನು ಎರಡು ಸಲ ತೊಳೆದು, ಒರೆಸಿ, ತಟ್ಟೆಯ ಮೇಲಿಟ್ಟು ತಂದೆ.

ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆಗೆ ಗಾಬರಿ. "ಇವನು ಯಾಕೆ ಇಷ್ಟು ಮೆತ್ತಗೆ ಮಾತಾಡ್ತಿದಾನೆ? ಜ್ವರ ಗಿರ ಏನಾದ್ರೂ ಬಂದಿದೆಯೇನೇ?" ಎಂದು ನಿಮ್ಮ ಹಣೆ ಮುಟ್ಟಿ ನೋಡಿದರು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಒಟ್ಟಿಗೆ ಹಾಗೆ ನಕ್ಕದ್ದು ನನಗೆ ಅದೊಂದೇ ನೆನಪು.

ಆ ಚಳಿಗಾಲವಿಡೀ ಉಪ್ಪು ಬೇಕಾದರೂ 'ಸಿ ನೋ ಎಸ್ ಮೊಲೆಸ್ತಿಯಾ' ಎನ್ನುತ್ತಿದ್ದಿರಿ. ನಿಮಗೆ ತೊಂದರೆಯಾಗದಿದ್ದರೆ ಎಂದು ಅರ್ಥವಂತೆ. ನನಗೆ ತೊಂದರೆಯಾಗುತ್ತದೆಯೇ ಎಂದು ಹುಟ್ಟಿದ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ಈಗ ಹೇಳಲು ನಾಚಿಕೆಯೇನಿಲ್ಲ, ಆ ಚಳಿಗಾಲ ನಿಮ್ಮನ್ನು ತುಂಬಾ ಪ್ರೀತಿಸಿದೆ. ಪಾಠದ ಅಭ್ಯಾಸವನ್ನು ಸಂಸಾರ ಎಂದು ನಂಬಿ ಕೂತೆ. ಸ್ಪ್ಯಾನಿಷ್ ಪರೀಕ್ಷೆ ಮುಗಿಸಿ ಬಂದ ಸಂಜೆ ನೀವು ಬೂಟು ಬಿಚ್ಚುತ್ತಾ 'ನೀರು' ಎಂದಿರಿ. ವಾಕ್ಯದ ಉಳಿದ ಭಾಗ ಬರುತ್ತದೆಂದು ನಾನು ನಗುತ್ತಾ ನಿಂತಿದ್ದೆ. "ಏನು, ಕಿವಿ ಕೇಳಿಸಲ್ವಾ?" ಎಂದಿರಿ.

ನುಂಗಿಕೊಂಡೆ. ನನಗೆ ಮನೆಯ ಮುಂದಿನ ಕೋಣೆ ಇತ್ತು. ಬೀದಿ ಕಡೆಯ ಕಿಟಕಿ, ಅದರ ಬೆಳಕಿಗೆ ಹೊಲಿಗೆ ಮೆಷಿನ್, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಅಂಗಿಗಳು. ಆಸ್ಪತ್ರೆಯ ನರ್ಸುಗಳು ಯೂನಿಫಾರ್ಮ್ ಸಡಿಲ ಮಾಡಿಸಲು ಬಂದು, ಗಳಿಗೆ ಹೊತ್ತು ಕೂತು, ಡಾಕ್ಟರುಗಳನ್ನು ಆಡಿಕೊಂಡು ಹೋಗುತ್ತಿದ್ದರು. ಒಂದು ದಿನ ದಾರದುಂಡೆ ತರಲು ಹೋಗಿ ಬರುವಷ್ಟರಲ್ಲಿ ನನ್ನ ಮೆಷಿನ್ ಹಿತ್ತಿಲ ಬಚ್ಚಲ ಪಕ್ಕದಲ್ಲಿ, ಬಕೆಟ್ಟುಗಳ ನಡುವೆ ನಿಂತಿತ್ತು. ಕೋಣೆಯಲ್ಲಿ ಬೆಂಚುಗಳು, ಕಪ್ಪು ಹಲಗೆ. "ಹೋಟೆಲ್ ಕೆಲಸ ಬಿಟ್ಟೆ, ಇನ್ಮೇಲೆ ಕ್ಲಾಸ್ ನಡೆಸ್ತೀನಿ. ನೀನು ಅಲ್ಲೇ ಹೊಲ್ಕೋ. ಪಾಠದ ಹೊತ್ತಲ್ಲಿ ಟಕಟಕ ಅನ್ನಿಸ್ಬೇಡ" ಎಂದಿರಿ. ಕ್ಲಾಸಿನ ನಡುವೆ ತೂರಿಕೊಂಡು ಹಿತ್ತಿಲಿಗೆ ಬರಲು ಯಾವ ಗಿರಾಕಿಗೆ ಮನಸ್ಸಾಗುತ್ತದೆ? ಒಬ್ಬೊಬ್ಬರೇ ನಿಂತುಹೋದರು.

ನಿಮ್ಮ ಮೊದಲ ಪಾಠವೇ ವಿನಯವಾಗಿ ಕೇಳುವುದು ಹೇಗೆ ಎಂಬುದು. ಗೋಡೆಯ ಈಚೆ, ಹೊಲಿಯಲಾಗದೆ ಕೈಕಟ್ಟಿ ಕೂತು ಕೇಳಿಸಿಕೊಂಡೆ. "ವಿನಯವಾಗಿ ಕೇಳೋದು ಅಂದ್ರೆ ಎದುರಿನವರಿಗೆ ಆಗಲ್ಲ ಅನ್ನೋಕೂ ಜಾಗ ಬಿಡೋದು" ಎಂದು ವಿವರಿಸಿದಿರಿ. ಎಂಥಾ ಒಳ್ಳೆಯ ಮಾತು! ಮಕ್ಕಳೆಲ್ಲ ಪೋರ್ ಫಾವೋರ್, ಪೋರ್ ಫಾವೋರ್ ಎಂದು ಒಕ್ಕೊರಲಿನಿಂದ ಒಪ್ಪಿಸಿದರು, ನನ್ನನ್ನು ಒಂದು ಮಾತೂ ಕೇಳದೆ ತೆಗೆದುಕೊಂಡ ಕೋಣೆಯಲ್ಲಿ ಕೂತು. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದು ಗೊಣಗಿದವರು ನಿಮ್ಮ ತಾಯಿ, ನಾನಲ್ಲ.

ಆಮೇಲೆ ನಾನು ಮೆಷಿನ್ ಅನ್ನು ತಳ್ಳುಗಾಡಿಗೆ ಹಾಕಿಸಿಕೊಂಡು ಹೊರಟದ್ದೂ ನೀವು ಪಾಠ ಮಾಡುತ್ತಿದ್ದಾಗಲೇ. ಆಸ್ಪತ್ರೆ ರಸ್ತೆಯ ಮೆಟ್ಟಿಲ ಕೆಳಗಿನ ಈ ಗೂಡಿನಲ್ಲಿ ತಲೆ ಎತ್ತಿದರೆ ಸೂರು ಬಡಿಯುತ್ತದೆ. ಆದರೂ ನನ್ನದು.

ನಿನ್ನೆ ಬಂದಿರಿ. ಒಬ್ಬ ನರ್ಸಿನ ತೋಳಿನ ಅಳತೆ ತೆಗೆದುಕೊಳ್ಳುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು, ಉಸ್ತೆದ್ ಎಂದು ಕರೆದು, ಮನೆಗೆ ಮರಳಿ ಬರಲು ಸಾಧ್ಯವೇ, ದಯವಿಟ್ಟು, ಎಂದು ಅಷ್ಟುದ್ದಕ್ಕೂ ಸ್ಪ್ಯಾನಿಷ್‌ನಲ್ಲಿ ಕೇಳಿದಿರಿ. ಒಂದಕ್ಷರ ತಪ್ಪಿರಲಿಲ್ಲ. ಆ ಹುಡುಗಿ ಬಾಯಿ ಬಿಟ್ಟುಕೊಂಡು, "ಎಷ್ಟು ಚೆನ್ನಾಗಿ ಮಾತಾಡ್ತಾರಕ್ಕ ನಿಮ್ಮನೆಯವರು!" ಎಂದಳು. ನನ್ನ ಎದೆಯೂ ಒಂದು ಕ್ಷಣ ಕರಗಿತು, ಸುಳ್ಳು ಯಾಕೆ ಹೇಳಲಿ. ನಾನು ಹೇಳಿದ್ದು ಇಷ್ಟೇ: "ಅದನ್ನೇ ನಮ್ಮ ಭಾಷೇಲಿ ಹೇಳಿ."

ನೀವು ಅವಳ ಮುಖ ನೋಡಿದಿರಿ. ಕತ್ತು ತುರಿಸಿಕೊಂಡಿರಿ. ನಾನು ಟೇಪು ಹಿಡಿದುಕೊಂಡೇ ಕಾದೆ. ತೊದಲಿದ್ದರೂ ಸಾಕಿತ್ತು. 'ಬರ್ತೀಯಾ' ಎಂದಷ್ಟೇ ಕೇಳಿದ್ದರೂ ಟೇಪು ಅಲ್ಲೇ ಇಟ್ಟು ನಿಮ್ಮ ಹಿಂದೆ ಬಂದುಬಿಡುತ್ತಿದ್ದೆ. "ಸಾಕು ನಿನ್ನ ನಾಟಕ, ನಡಿ ಮನೆಗೆ" ಎಂದಿರಿ.

ನಾನು ಬರುವುದಿಲ್ಲ. ಇದನ್ನು ವಿನಯವಾಗಿ ಹೇಳುವುದನ್ನೂ ನೀವೇ ಕಲಿಸಿದ್ದೀರಿ, ಚೆನ್ನಾಗಿ ನೆನಪಿದೆ. ಹೇಳಲು ಮನಸ್ಸಿಲ್ಲ.

ನಿಮ್ಮ ಶಿಷ್ಯರೆಲ್ಲ ಪಾಸಾಗಲಿ. ಅವರು ಕಲಿತದ್ದರಲ್ಲಿ ಕಾಲುಭಾಗವಾದರೂ ಅವರ ಮನೆಯವರ ಕಿವಿಗೆ ಬೀಳಲಿ.

ಇತಿ,
ಆಸ್ಪತ್ರೆ ರಸ್ತೆಯ ಟೈಲರಮ್ಮ