ಅಳಿವೆಯ ನೀರು ತೋರಿಸುವ ಪೆಟ್ಟಿಗೆ

ಮಾಮಿ,

ನೀವು ಮೀನು ಮಾರಿ ಬರುವಷ್ಟರಲ್ಲಿ ನಾನು ಮಣಿಪಾಲದ ಬಸ್ಸು ಹತ್ತಿರುತ್ತೇನೆ. ಗಂಜಿ ಒಲೆಯ ಮೇಲೆ ಉಂಟು.

ನಿಮ್ಮ ಮಗ ದೋಣಿಯಲ್ಲಿ ಕಡಲಿಗೆ ದಾಟುವ ಅಳಿವೆಯ ನೀರಿನ ಮಟ್ಟವನ್ನು ಇವರ ಮೊಬೈಲಿಗೆ ಕಳಿಸುವ ಸರ್ವರ್ ಪೆಟ್ಟಿಗೆ ಪದೇ ಪದೇ ತನ್ನ ವಿಳಾಸ ಮರೆಯುತ್ತಿದ್ದುದು ಯಾಕೆಂದು ಗೊತ್ತಾಯಿತು. ಗುಡುಗಿಗೆ ನೀವು ಎಲ್ಲ ಪ್ಲಗ್ ಕೀಳುವುದು ಸರಿಯೇ. ಆದರೆ ಮಗನನ್ನು ಕಾಯುವ ಪೆಟ್ಟಿಗೆ ಎಂದು ಮತ್ತೆ ಮೊದಲು ಅದನ್ನೇ ಹಾಕುತ್ತೀರಿ, ವೈಫೈಯನ್ನು ಕೊನೆಗೆ. ವಿಳಾಸ ಕೊಡಬೇಕಾದ ವೈಫೈ ಆಗ ಇನ್ನೂ ಎದ್ದಿರುವುದಿಲ್ಲ. ಸರ್ವರ್ ಕೇಳಿ ಕೇಳಿ ಸಾಕಾಗಿ ಯಾವುದೋ ಬೇರೆ ವಿಳಾಸ ಹಿಡಿದು ಕೂರುತ್ತದೆ, ಮೊಬೈಲಿಗೆ ಅದು ಸಿಗುವುದಿಲ್ಲ. ಈಗ ಕಾಯಂ ವಿಳಾಸವನ್ನು ಅದರೊಳಗೇ ಬರೆದಿಟ್ಟಿದ್ದೇನೆ. ನಿಮ್ಮ ಕ್ರಮ ಬದಲಿಸಬೇಡಿ, ಮಗನದ್ದೇ ಮೊದಲು ಹಾಕಿ.

ಆದರೂ ಇವತ್ತು ಗುಡುಗಿದರೆ, ಪ್ಲಗ್ ಹಾಕಿದ ಮೇಲೆ ನಿಮ್ಮ ಮೊಬೈಲಿನಲ್ಲಿ ಒಮ್ಮೆ ನೋಡಿ. ನೀರಿನ ಮಟ್ಟ ಕಾಣದಿದ್ದರೆ ನನಗೆ ಫೋನ್ ಮಾಡುವುದು ಆಮೇಲೆ. ಮೊದಲು ಇವರಿಗೆ ಮಾಡಿ, ದೋಣಿ ಇಳಿಸಬೇಡ ಎನ್ನಿ. ಮೊನ್ನೆ ಮೊಬೈಲಿನಲ್ಲಿ ಏನೂ ಕಾಣದೆಯೇ ಅಳಿವೆ ದಾಟಿದ್ದಾರೆ. ನಾನು ಕೇಳಿದರೆ, "ನನಗೆ ಸಮುದ್ರ ಗೊತ್ತಿಲ್ವಾ ಮಾರಾಯ್ತಿ?" ಎಂದು ನಗುತ್ತಾರೆ. ನೀವು ಹೇಳಿದರೆ ನಗುವುದಿಲ್ಲ, ನಿಲ್ಲುತ್ತಾರೆ.

ಯಶ್ಮಿತಾ