ಬಷೀರಿ ಅಂತ ಹೆಸರಾಯಿತು

ಅಬ್ಬಾ,

ಇವತ್ತು ಸೊರಬದಲ್ಲಿ ನಮ್ಮ ಚಿಶ್ತಿ ಸೂಫಿ ಪಂಥಕ್ಕೆ ನಿಮ್ಮ ಹೆಸರಿನ ಒಂದು ಶಾಖೆ ಹುಟ್ಟಿತು. ಕೇಳಿದ್ದರೆ ನೀವು ಬೈದು ಕಳಿಸುತ್ತಿದ್ದಿರಿ. ಅದಕ್ಕೇ ನೀವಿರುವಾಗ ಯಾರೂ ಕೇಳಲಿಲ್ಲ.

"ಚಿಶ್ತ್ ಅನ್ನೋದು ಒಂದು ಊರು ಅಷ್ಟೇ. ನಿಜಾಮಿ, ಸಾಬಿರಿ ಅನ್ನೋ ಶಾಖೆಗಳು ಒಬ್ಬರೇ ಗುರುವಿನ ಇಬ್ಬರು ಶಿಷ್ಯರ ಹೆಸರು. ಅವರೇನು ಬೋರ್ಡು ಬರೆಸಿದ್ರಾ? ಆಮೇಲೆ ಬಂದವರು ಇಟ್ಟಿದ್ದು" ಅಂತ ಶಿಕಾರಿಪುರದ ಮನೆಯಲ್ಲಿ ಹೇಳುತ್ತಿದ್ದಿರಿ. ಆಮೇಲೆ ಬಂದವರು ಈಗ ನಾವೇ. ತಮ್ಮ ಜಲೀಲ ನಿಮ್ಮ ಜಾಗದಲ್ಲಿ ಕೂತು, ನಮ್ಮದು ಇನ್ನು ಬಷೀರಿ ಶಾಖೆ ಅಂದ. ಬಿರಿಯಾನಿ ಚೆನ್ನಾಗಿತ್ತು.

ಹೆಂಗಸರಿಗೆ ಗುರುಪರಂಪರೆಯ ಶಜರಾ ಓದಿಸುವುದು ನನ್ನ ಪಾಲಿಗೆ ಬಂತು. ನೀವೇ ನನ್ನಿಂದ ಕನ್ನಡದಲ್ಲಿ ಕಟ್ಟಿಸಿದ ಪದ್ಯ. ತೀರಿಕೊಂಡ ಗುರುಗಳಿಗೆ ಕರುಣೆ, ಬದುಕಿರುವ ಗುರುವಿಗೆ ಆಯಸ್ಸು ಬೇಡುವುದು ಅದರ ಕ್ರಮ. ಒಬ್ಬೊಬ್ಬರಿಗೂ ಕರುಣೆ ಬೇಡುತ್ತ ಬಂದೆ. ಕೊನೆಗೆ ನಿಮ್ಮ ಹೆಸರು ಬಂದಾಗ ಬಾಯಿ ಹಳೆಯದನ್ನೇ ಹೇಳಿತು:

"ನಮ್ಮ ಬಷೀರರಿಗೆ ಕೊಡು ಆಯಸ್ಸು,
ಅವರ ನೆರಳಲ್ಲಿ ತಣಿಯಲಿ ಮನಸ್ಸು."

ಜಡೆ ಊರಿನಿಂದ ಬಂದಿದ್ದ ನಿಮ್ಮ ಶಿಷ್ಯೆ ಯಮುನಮ್ಮ ಒಬ್ಬರೇ ಗಟ್ಟಿಯಾಗಿ "ಆಮೀನ್" ಅಂದರು.

ಪರದೆಯಾಚೆಯಿಂದ ಜಲೀಲ ಮೆಲ್ಲಗೆ, "ಆಪಾ, ಅಬ್ಬಾ ಈಗ ಯಾರಿಗೆ ಕರುಣೆ ಬೇಡ್ತೀವೋ ಅವರ ಸಾಲಿನಲ್ಲಿದಾರೆ. ತಿದ್ದಿ ಓದು" ಅಂದ.

"ತಿದ್ದಿದ್ರೆ ಪ್ರಾಸ ಕೆಡ್ತದೆ ಕಣೋ" ಅಂದೆ.

ಪ್ರಾಸ ಅಂದರೇನು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ, ಅಬ್ಬಾ. ಆದರೂ "ಹೌದು ಆಪಾ, ಕೆಡ್ತದೆ" ಅಂದ.